ಒಳಗೇನೂ ಇಲ್ಲದ ಬಟ್ಟೆ

ಆ ಪಟ್ಟಣದ ಹೆಸರು ಕೇಳಬೇಡಿ. ಹೆಸರೂ ಒಂದು ಗಂಟಿನ ಒಳಗೇ ಇತ್ತು, ಆ ಗಂಟು ಬಿಚ್ಚಿದ ಮೇಲೆ ಅದು ಯಾವ ಗೂಡಿಗೆ ಹೋಗಿ ಸೇರಿತೋ ಅಲ್ಲಿಯವರಿಗೇ ಗೊತ್ತಿಲ್ಲ. ನನಗೆ ಗೊತ್ತಿರುವುದು ಅಲ್ಲಿಯ ಒಬ್ಬ ತಂಗಿಯ ಕಥೆ.

ಆ ಪಟ್ಟಣದಲ್ಲಿ ಯಾವ ಮಾತೂ ಬರಿಮೈಯಲ್ಲಿ ಇರುವ ಹಾಗಿರಲಿಲ್ಲ. ಉಳಿಯಬೇಕಾದ ಮಾತನ್ನು ಓಲೆಯ ಮೇಲೆ ಬರೆಯಬೇಕು, ಓಲೆಯನ್ನು ಬಟ್ಟೆಯಲ್ಲಿ ಸುತ್ತಬೇಕು. ಬಟ್ಟೆಯ ಮೊದಲ ತುದಿಗೆ ಒಂದು ಹೆಸರು ಹೊಲಿದಿರಬೇಕು, ಕೊನೆಯ ತುದಿಗೂ ಅದೇ ಹೆಸರು. ಆ ಬಟ್ಟೆ ಇನ್ನೊಂದರ ಒಳಗೆ, ಅದು ಮತ್ತೊಂದರ ಒಳಗೆ, ಎಲ್ಲಕ್ಕೂ ಹೊರಗೆ ಜಮಖಾನದಷ್ಟು ದಪ್ಪದ ಒಂದೇ ಬಟ್ಟೆ. ಒಳಗೆ ಬಿಚ್ಚಿದ್ದನ್ನು ಒಳಗೇ ಕಟ್ಟಬೇಕು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟ ಬಟ್ಟೆಯನ್ನು ಊರಿನ ಗಂಟುಗಳನ್ನೆಲ್ಲ ಇಟ್ಟು ಕಾಯುವ ಗಂಟುಮನೆಯವರು ಹೊಸಿಲು ದಾಟಿಸುತ್ತಿರಲಿಲ್ಲ. ಮಕ್ಕಳು ಅಮ್ಮ ಅಪ್ಪ ಎನ್ನುವ ಮೊದಲು ಬಿಚ್ಚಿದೆ, ಕಟ್ಟಿದೆ ಎನ್ನಲು ಕಲಿಯುತ್ತಿದ್ದವು. ಅಷ್ಟು ಸಾಲದು ಎನ್ನುವ ಹಾಗೆ ದೊಡ್ಡವರು ಸೀನುವ ಮುಂಚೆಯೂ ಬಿಚ್ಚಿದೆ ಎನ್ನುತ್ತಿದ್ದರು.

ಊರ ಮುಂದೆ ಒಂದು ನದಿ. ಆಚೆ ದಡದಲ್ಲಿ ಮಗ್ಗಗಳು. ಇಷ್ಟೊಂದು ಗಂಟು ಕಟ್ಟಲು ಬಟ್ಟೆ ಬೇಕಲ್ಲ, ಅದನ್ನು ನೇಯಲು ಹನ್ನೆರಡು ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಿದ್ದರು. ಹೆಸರು ಬಂದವರು ನದಿ ದಾಟಿ ಹೋಗಿ ಹನ್ನೆರಡು ವರ್ಷ ನೇಯಬೇಕು. ಹೋಗುವ ಮುಂಚೆ ಈ ದಡದ ತಮ್ಮ ಬದುಕನ್ನೆಲ್ಲ ಒಂದು ಗಂಟು ಕಟ್ಟಿ ಗಂಟುಮನೆಯಲ್ಲಿ ಇಡಬೇಕು. ಅವಧಿ ಮುಗಿದ ಮೇಲೆ ದೋಣಿ ಅವರನ್ನು ಕೂರಿಸಿಕೊಂಡು ನಡುನೀರಿಗೆ ಬಂದು ಏಳು ದಿನ ನಿಲ್ಲುತ್ತದೆ. ಆ ಏಳು ದಿನದೊಳಗೆ ಮನೆಯವರೊಬ್ಬರು ದಡದಲ್ಲಿ ನಿಂತು ಆ ಗಂಟನ್ನು ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ, ಒಂದು ಬಟ್ಟೆಯನ್ನೂ ಬಿಡದೆ ಹೇಳಿ ಕರೆಯಬೇಕು. ಸರಿಯಾಗಿ ಹೇಳಿದರೆ ದೋಣಿ ದಡ ಮುಟ್ಟುತ್ತದೆ. ಇಲ್ಲದಿದ್ದರೆ ಏಳನೆಯ ಸಂಜೆ ತಿರುಗಿ ಹೋಗುತ್ತದೆ, ಹಾಗೆ ಹೋದವರನ್ನು ಯಾರೂ ಮತ್ತೆ ನೋಡಿದ್ದಿಲ್ಲ.

ಅಕ್ಕನ ಹೆಸರು ಚೀಟಿಯಲ್ಲಿ ಬಂದಾಗ ತಂಗಿ ಪಕ್ಕದಲ್ಲೇ ನಿಂತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿದ್ದವರು ಅವರಿಬ್ಬರೇ. ಬೇಡ ಎಂದು ಮನೆಯವರೊಬ್ಬರು ಕೂಗಿದರೆ ಮತ್ತೊಮ್ಮೆ ಚೀಟಿ ಎತ್ತುವ ಪದ್ಧತಿಯಿತ್ತು. ಮತ್ತೊಮ್ಮೆ ಎತ್ತಿದರೆ ತನ್ನ ಹೆಸರೇ ಬಂದೀತು ಎಂದು ತಂಗಿ ಹೆದರಿದಳು. ಅವಳು ಕೂಗಲಿಲ್ಲ.

ಗಂಟು ಕಟ್ಟುವ ದಿನ ಮುಂದೆ ಕರೆಯಬೇಕಾದವರೇ ಎದುರಿಗೆ ಕೂತು ಬಟ್ಟೆಯ ತುದಿ ಹಿಡಿಯಬೇಕು. ಓಲೆ ಓದಬಾರದು, ಅದಕ್ಕಾಗಿ ತಲೆ ತಗ್ಗಿಸಿಯೇ ಕೂರಬೇಕು. ತಂಗಿ ಹಾಗೇ ಕೂತಳು. ಅಕ್ಕ ಬರೆದಳು, ಸುತ್ತಿದಳು, ಕಟ್ಟಿದಳು. ಕೊನೆಗೊಂದು ಬಟ್ಟೆ ಹಾಸಿದಳು. ಅದರ ತುದಿಯಲ್ಲಿ ತಂಗಿ ಎಂದು ಹೊಲಿದಿತ್ತು. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಹೊರಗೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಅಕ್ಕ ಒಳಗೆ ಏನೂ ಇಡದೆ, ಒಂದೇ ಒಂದು ಓಲೆಯನ್ನೂ ಇಡದೆ, ಆ ಬಟ್ಟೆಯನ್ನು ಮಡಿಸಿ ಕಟ್ಟಿಬಿಟ್ಟಳು.

ಒಲೆಯ ಬಗ್ಗೆ ಬರೆಯಲು ಇತ್ತು, ಬಾವಿಯ ಬಗ್ಗೆ ಬರೆಯಲು ಇತ್ತು, ನನ್ನ ಬಗ್ಗೆ ಇಲ್ಲ. ತಂಗಿ ಆ ದಿನವೆಲ್ಲ ಇದನ್ನೇ ಅಂದುಕೊಂಡಳು. ದೋಣಿ ಹೊರಟಾಗ ಕೈಯನ್ನೂ ಬೀಸಲಿಲ್ಲ. ಆಮೇಲೆ ಹನ್ನೆರಡು ವರ್ಷ ಅಂದುಕೊಂಡಳು. ಬರಬರುತ್ತ, ಅಕ್ಕನ ಗಂಟಿನಲ್ಲಿ ಏನೇನು ಬಟ್ಟೆಯಿತ್ತು ಎಂದು ಕೇಳಿದರೆ ಅವಳಿಗೆ ಆ ಒಂದು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಇಷ್ಟರಲ್ಲಿ ಪಟ್ಟಣಕ್ಕೆ ಒಂದು ಬುದ್ಧಿವಂತಿಕೆ ಬಂತು. ಮೂಡಣ ಬಾವಿಯನ್ನು ಯಾರು ತೋಡಿಸಿದ್ದು ಎಂದು ಒಬ್ಬ ಕೇಳಿದ್ದ. ಹದಿನಾಲ್ಕು ಜನ ಎರಡು ತಿಂಗಳು ಒಂದೊಂದೇ ಗಂಟು ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಉತ್ತರ ಹೊತ್ತು ತರುವ ಹೊತ್ತಿಗೆ ಬಾವಿ ಬತ್ತಿತ್ತು, ಕೇಳಿದವನು ಯಾಕೆ ಕೇಳಿದೆನೆಂಬುದನ್ನೇ ಮರೆತಿದ್ದ. ಹಿರಿಯರು ಕೂತು ಯೋಚಿಸಿದರು. ಗಂಟುಗಳನ್ನೆಲ್ಲ ಬಿಚ್ಚಿಬಿಡೋಣ ಎಂದರು. ಬಾವಿ ಎನ್ನುವ ಬಟ್ಟೆಯ ಓಲೆಗಳೆಲ್ಲ ಬಾವಿಯ ಗೂಡಿಗೆ, ಒಲೆ ಎನ್ನುವ ಬಟ್ಟೆಯ ಓಲೆಗಳೆಲ್ಲ ಒಲೆಯ ಗೂಡಿಗೆ, ಕೋಪವೆಲ್ಲ ಕೋಪದ ಗೂಡಿಗೆ. ಯಾವ ಓಲೆ ಯಾರ ಗಂಟಿನದು ಎಂದು ತಿಳಿಯಲು ಒಂದೊಂದಕ್ಕೂ ಆ ಗಂಟಿನ ಅಂಕಿ ಕೊರೆದ ಒಂದು ಮಣಿ. ಕೇಳಿದವರಿಗೆ ಕೇಳಿದ ಗಳಿಗೆಯಲ್ಲೇ ಉತ್ತರ.

ಗಂಟುಮನೆಯ ಮುದಿ ಗಂಟುಗಾರನೊಬ್ಬ ಮಾತ್ರ ತಲೆ ಅಲ್ಲಾಡಿಸಿದ. ಅವನಿಗೆ ಹಿತ್ತಿಲಲ್ಲಿ ಒಂದು ಮಣೆ ಹಾಕಿ ಕೂರಿಸಿದರು.

ಬಿಚ್ಚುವ ಕೆಲಸಕ್ಕೆ ಸೇರಿದವರಲ್ಲಿ ತಂಗಿಯೂ ಇದ್ದಳು. ಕೆಲಸ ಚುರುಕಾಗಲಿ ಎಂದು ಎರಡು ಹಜಾರಗಳಲ್ಲಿ ಒಟ್ಟಿಗೇ ಶುರು ಮಾಡಿದ್ದರು. ಎರಡೂ ಹಜಾರದವರು ಮಣಿಯ ಅಂಕಿಯನ್ನು ಒಂದರಿಂದಲೇ ಎಣಿಸಿದ್ದಾರೆ ಎಂದು ಯಾರಿಗೂ ಹೊಳೆಯಲಿಲ್ಲ. ಒಳಗೆ ಓಲೆಯಿಲ್ಲದ ಬಟ್ಟೆ ಸಿಕ್ಕರೆ ಏನು ಮಾಡುವುದು ಎಂದು ಒಬ್ಬಳು ಕೇಳಿದಳು. ಗೂಡಿನಲ್ಲಿ ಇಡಲು ಅದರಲ್ಲಿ ಏನಿದೆ, ಜಾಡಿಸಿ ಮೂಲೆಗೆ ಒಗೆಯಿರಿ ಎಂದು ಉತ್ತರ ಬಂತು. ಖಾಲಿ ಬಟ್ಟೆಗಳ ಮೇಲೆ ತಂಗಿಗೊಂದು ಹಳೇ ಸಿಟ್ಟಿತ್ತಲ್ಲ, ಅವಳು ಬೇರೆಯವರಿಗಿಂತ ಜೋರಾಗಿಯೇ ಜಾಡಿಸಿದಳು.

ಹನ್ನೆರಡು ವರ್ಷ ತುಂಬಿದ ಬೆಳಿಗ್ಗೆ ದೋಣಿ ನಡುನೀರಿಗೆ ಬಂದು ನಿಂತಿತು. ಅದರಲ್ಲಿ ಅಕ್ಕ ಮಡಿಲಲ್ಲಿ ಒಂದು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ದಡ ಮುಟ್ಟುವ ತನಕ ಬಂದವರು ಮಾತಾಡುವ ಹಾಗಿಲ್ಲ, ಸನ್ನೆಯನ್ನೂ ಮಾಡುವ ಹಾಗಿಲ್ಲ. ಅಷ್ಟು ದೂರದಿಂದಲೂ ಕೂದಲು ನರೆತದ್ದು ಕಾಣುತ್ತಿತ್ತು. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಸಿಟ್ಟು ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ, ತಂಗಿಗೆ ಅಕ್ಕ ಬೇಕಾಗಿದ್ದಳು, ಅಷ್ಟೇ. ಅವಳು ಗಂಟುಮನೆಗೆ ಓಡಿದಳು.

ಗೂಡುಗಳ ಮುಂದೆ ಗೂಡುಪಾಲಕ ಕೂತಿದ್ದ. ಹೊಸ ಕ್ರಮ ಬಂದ ಮೇಲೆ ಅವನ ಬೆನ್ನು ನೆಟ್ಟಗಾಗಿತ್ತು.

"ಏನು ಬೇಕಮ್ಮ?"

"ಅಕ್ಕನ ಗಂಟು ಬೇಕಾಗಿತ್ತು."

"ಗಂಟು ಅಂತ ಈಗ ಯಾವುದೂ ಇಲ್ಲ. ಅಕ್ಕ ಬೇಕಾದ್ರೆ ಕೊಡ್ತೀನಿ. ನಾಲ್ಕು ಸಾವಿರದ ಇನ್ನೂರು ಇವೆ, ಯಾವುದು ಕೊಡಲಿ?"

"ನನ್ನ ಅಕ್ಕ."

"ನನ್ನ ಅನ್ನೋ ಗೂಡಿಲ್ಲ ಕಣಮ್ಮ," ಎಂದ ಅವನು, ನಿಜವಾಗಿಯೂ ಬೇಜಾರಿನಿಂದ. "ಮಣಿ ಅಂಕಿ ಏನಾದ್ರೂ ಗೊತ್ತಾ?"

ಹಳೆಯ ಪಟ್ಟಿಯಲ್ಲಿ ಹುಡುಕಿ ಅಕ್ಕನ ಮಣಿಯ ಅಂಕಿ ತೆಗೆದರು. ಗೂಡುಪಾಲಕ ಆ ಅಂಕಿಯ ಓಲೆಗಳನ್ನೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರಿಸಿ ಕೊಟ್ಟ. ಎಷ್ಟು ಬೇಗ ಸಿಕ್ಕಿತು ನೋಡಿ ಎಂದು ಹೆಮ್ಮೆಯಿಂದ ನಕ್ಕ. ತಂಗಿಗೂ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಓಲೆಗಳನ್ನು ಮಡಿಲಿಗೆ ಹಾಕಿಕೊಂಡು, ತೋಚಿದ ಹಾಗೆ ಜೋಡಿಸಿ, ಎರಡನೆಯ ದಿನ ದಡದಲ್ಲಿ ನಿಂತಳು.

"ಬಿಚ್ಚಿದೆ ಮನೆ. ಬಿಚ್ಚಿದೆ ಕೊಟ್ಟಿಗೆ. ಎಮ್ಮೆಗೆ ಎಡಗಣ್ಣು ಕಾಣದು. ಕಟ್ಟಿದೆ ಕೊಟ್ಟಿಗೆ. ಬಿಚ್ಚಿದೆ ಅತ್ತೆ. ಗೊರಕೆ ಬಹಳ. ಕಟ್ಟಿದೆ ಅತ್ತೆ."

ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಅವರ ಮನೆಯಲ್ಲಿ ಯಾವ ಕಾಲಕ್ಕೂ ಎಮ್ಮೆ ಇರಲಿಲ್ಲ. ಅಕ್ಕನಿಗೆ ಮದುವೆಯೇ ಆಗಿರಲಿಲ್ಲ, ಅತ್ತೆ ಎಲ್ಲಿಂದ ಬಂದಳು? ಹಿಂದೆ ನಿಂತಿದ್ದ ಗುಂಪಿನಲ್ಲಿ ಒಬ್ಬ ಮುದುಕಿ, "ಅಯ್ಯೋ, ಅದು ನಮ್ಮೆಮ್ಮೆ!" ಎಂದು ಅಳತೊಡಗಿದಳು. ದೋಣಿ ಹತ್ತಿರ ಬರುವ ಬದಲು ಒಂದು ಮಾರು ಹಿಂದೆ ಸರಿಯಿತು.

"ಇದಲ್ಲ," ಎಂದ ದೋಣಿಯವನು.

ಆಗ ಗೊತ್ತಾಯಿತು. ಒಂದೇ ಅಂಕಿಯ ಮಣಿ ಎರಡೆರಡು ಇದ್ದವು. ಇಡೀ ಪಟ್ಟಣದಲ್ಲಿ ಯಾರ ಬದುಕು ಯಾರದರ ಜೊತೆ ಬೆರೆತಿದೆ ಎಂದು ಹೇಳುವವರಿಲ್ಲ. ಗೂಡುಪಾಲಕ ಮಣಿಗಳನ್ನು ಅಂಗೈಯಲ್ಲಿ ಹಾಕಿಕೊಂಡು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಕೆಲವರು ಆವತ್ತು ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಖವನ್ನು ಅನುಮಾನದಿಂದ ನೋಡಿದರಂತೆ. ತಂಗಿಗೆ ಅದೆಲ್ಲ ನೋಡಲು ಪುರಸೊತ್ತಿರಲಿಲ್ಲ. ಅವಳು ಮಣಿಗಳನ್ನು ನೆಚ್ಚುವುದನ್ನೇ ಬಿಟ್ಟು ಅಕ್ಕನ ಕೈಬರಹ ಹುಡುಕಲು ಕೂತಳು. ಅಕ್ಕ ಬರೆದರೆ ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಕ್ಕೆ ಜಾರುತ್ತಿತ್ತು. ಒಲೆಯ ಗೂಡಿನಲ್ಲಿ ಊರಿನ ಒಲೆಗಳೆಲ್ಲ ಇದ್ದವು, ಅಮ್ಮನ ಗೂಡಿನಲ್ಲಿ ಊರಿನ ಅಮ್ಮಂದಿರೆಲ್ಲ ಇದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡು ಹಗಲು ಹುಡುಕಿದ ಮೇಲೆ ಜಾರುವ ಸಾಲುಗಳು ಒಂದೊಂದಾಗಿ ಸಿಕ್ಕವು. ಒಲೆಯ ಎಡಗಲ್ಲು ಅಲ್ಲಾಡುತ್ತದೆ. ಬಾವಿಯ ಹಗ್ಗ ಬದಲಿಸಬೇಕು. ಅಮ್ಮ ಸಾರಿಗೆ ಇಂಗು ಜಾಸ್ತಿ ಹಾಕುತ್ತಿದ್ದಳು.

ಕೋಪದ ಗೂಡಿನಲ್ಲೂ ಒಂದು ಸಿಕ್ಕಿತು. ನನ್ನ ಚೀಟಿ ಬಂದಾಗ ಯಾರೂ ಬೇಡ ಎನ್ನಲಿಲ್ಲ.

ತಂಗಿ ಆ ಓಲೆಯನ್ನು ಓದಿ ತಿರುಗಿಸಿ ಇಟ್ಟಳು. ಮತ್ತೆ ಎತ್ತಿಕೊಂಡಳು. ಯಾರೂ ಎಂದರೆ ನಾನೇ, ಇನ್ನು ಯಾರು ಇದ್ದರು ಅಲ್ಲಿ ಎಂದು ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಸುಟ್ಟ ಹಾಗಾಯಿತು.

ನಾಲ್ಕನೆಯ ದಿನ ದಡದಲ್ಲಿ ನಿಂತು ಹೇಳಿದಳು. ಈ ಸಲ ಒಂದೂ ಪರರ ಓಲೆಯಿರಲಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದರ ಒಳಗೆ ಯಾವುದು? ಬಾವಿಯನ್ನು ಅಡುಗೆಮನೆಯೊಳಗೆ ಬಿಚ್ಚಿದಳು. ಅಮ್ಮನನ್ನು ಹಿತ್ತಿಲಿನಲ್ಲಿ ಕಟ್ಟಿದಳು. ಒಲೆ ಕಟ್ಟುವ ಮೊದಲೇ ಮನೆ ಕಟ್ಟಿಬಿಟ್ಟಳು. ದೋಣಿ ಒಂದು ಮಾರು ಮುಂದೆ ಬಂದು, ಒಂದು ಮಾರು ಹಿಂದೆ ಹೋಗಿ, ತಲೆ ಸುತ್ತು ಬಂದವರಂತೆ ನಿಂತಲ್ಲೇ ತಿರುಗಿತು. ಅಕ್ಕ ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೀಗಲ್ಲ," ಎಂದ ದೋಣಿಯವನು.

ಐದನೆಯ ದಿನವೆಲ್ಲ ತಂಗಿ ಓಲೆಗಳನ್ನು ಅಂಗಳದಲ್ಲಿ ಹರವಿಕೊಂಡು ಕೂತಳು. ಅತ್ತ ಇಟ್ಟರೂ ಅರ್ಥವಿತ್ತು, ಇತ್ತ ಇಟ್ಟರೂ ಅರ್ಥವಿತ್ತು, ಅದೇ ತೊಂದರೆ. ಕೋಪದ ಒಳಗೆ ಅಮ್ಮನನ್ನು ಇಟ್ಟರೆ ಒಂದು ಬದುಕು, ಅಮ್ಮನ ಒಳಗೆ ಕೋಪವನ್ನು ಇಟ್ಟರೆ ಇನ್ನೊಂದು ಬದುಕು. ತನ್ನ ಅಕ್ಕ ಯಾರು ಎಂದು ತನಗೇ ಗೊತ್ತಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಅತ್ತು ಕಣ್ಣೊರೆಸಿಕೊಂಡು ನೋಡಿದಾಗ ಒಲೆಯ ಓಲೆಯ ಮೇಲೆ ಒಂದು ಎಣ್ಣೆಯ ಕಲೆ ಕಂಡಿತು. ಅಮ್ಮನ ಓಲೆಯ ಹಿಂಬದಿಯಲ್ಲೂ ಅದೇ ಆಕಾರದ ಕಲೆ, ತುಸು ತೆಳುವಾಗಿ. ವರ್ಷಗಟ್ಟಲೆ ಒತ್ತಿಕೊಂಡು ಕೂತ ಓಲೆಗಳು ಬಟ್ಟೆಯನ್ನೂ ದಾಟಿ ಒಂದರ ಕಲೆಯನ್ನು ಒಂದು ಹಂಚಿಕೊಂಡಿದ್ದವು. ಅವಳು ಓಲೆಗಳನ್ನು ಓದುವುದು ಬಿಟ್ಟು ಕಲೆಗಳನ್ನು ಓದತೊಡಗಿದಳು.

ಆರನೆಯ ದಿನ ದಡದಲ್ಲಿ ನಿಂತು ತಡವರಿಸದೆ ಹೇಳಿದಳು.

"ಬಿಚ್ಚಿದೆ ಮನೆ. ಬಿಚ್ಚಿದೆ ಅಡುಗೆಮನೆ. ಬಿಚ್ಚಿದೆ ಒಲೆ. ಎಡಗಲ್ಲು ಅಲ್ಲಾಡುತ್ತದೆ. ಕಟ್ಟಿದೆ ಒಲೆ. ಬಿಚ್ಚಿದೆ ಅಮ್ಮ. ಸಾರಿಗೆ ಇಂಗು ಜಾಸ್ತಿ ಹಾಕುತ್ತಿದ್ದಳು. ಕಟ್ಟಿದೆ ಅಮ್ಮ. ಕಟ್ಟಿದೆ ಅಡುಗೆಮನೆ. ಬಿಚ್ಚಿದೆ ಹಿತ್ತಿಲು. ಬಿಚ್ಚಿದೆ ಬಾವಿ. ಹಗ್ಗ ಬದಲಿಸಬೇಕು. ಕಟ್ಟಿದೆ ಬಾವಿ. ಕಟ್ಟಿದೆ ಹಿತ್ತಿಲು. ಬಿಚ್ಚಿದೆ ಕೋಪ. ನನ್ನ ಚೀಟಿ ಬಂದಾಗ ಯಾರೂ ಬೇಡ ಎನ್ನಲಿಲ್ಲ. ಕಟ್ಟಿದೆ ಕೋಪ. ಕಟ್ಟಿದೆ ಮನೆ."

ಒಂದೊಂದು ಮಾತಿಗೂ ದೋಣಿ ಒಂದೊಂದು ಮೊಳ ಹತ್ತಿರ ಬಂತು. ಅಕ್ಕನ ಹಣೆಯ ಗೆರೆಗಳು ಕಂಡವು. ಬುಟ್ಟಿಯ ಹೆಣಿಗೆ ಕಂಡಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು ದೋಣಿ ನಿಂತುಬಿಟ್ಟಿತು. ತಂಗಿ ಕೈ ಚಾಚಿದಳು. ಎಷ್ಟು ಚಾಚಿದರೂ ಒಂದು ಗೇಣು ಉಳಿಯಿತು.

"ಇನ್ನೂ ಇದೆ," ಎಂದ ದೋಣಿಯವನು.

ದೋಣಿ ಮೆಲ್ಲಗೆ ನಡುನೀರಿಗೆ ಸರಿಯಿತು.

ತಂಗಿ ಒಂದೇ ಉಸಿರಿಗೆ ಗಂಟುಮನೆಗೆ ಬಂದು ಗೂಡುಗಳನ್ನೆಲ್ಲ ಮತ್ತೆ ಜಾಲಾಡಿದಳು. ಜಾರುವ ಸಾಲು ಇನ್ನೊಂದಿರಲಿಲ್ಲ. ಗೂಡುಪಾಲಕನೂ ಹೆಮ್ಮೆ ಮರೆತು ಮಂಡಿಯೂರಿ ಹುಡುಕಿದ. "ಇಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ ಕಣಮ್ಮ," ಎಂದು ಅವನೂ ಕೈಚೆಲ್ಲಿದ. ಏಳನೆಯ ದಿನ ಮಧ್ಯಾಹ್ನವಾಯಿತು. ಏನು ಮಾಡಲೂ ತೋಚದೆ ಅವಳು ಹಿತ್ತಿಲಿಗೆ ಹೋಗಿ ಮುದಿ ಗಂಟುಗಾರನ ಮಣೆಯ ಪಕ್ಕ ನೆಲದ ಮೇಲೆ ಕುಸಿದಳು.

"ಇದ್ದದ್ದೆಲ್ಲ ಹೇಳಿದೆ ತಾತ. ಒಂದೂ ಬಿಡಲಿಲ್ಲ."

"ಇದ್ದದ್ದನ್ನ ಹೇಳಿದೆ ಸರಿ, ಮಗಾ. ಇಲ್ಲದ್ದನ್ನ ಹೇಳಿದೆಯಾ?" ಎಂದ ಮುದುಕ. "ಖಾಲಿ ಬಟ್ಟೆಗಳು ಬರ್ತಿದ್ವಲ್ಲ ಮುಂಚೆ, ಅವನ್ನ ಏನು ಮಾಡಿದ್ರಿ?"

"ಒಳಗೆ ಏನೂ ಇರಲಿಲ್ಲ ತಾತ. ನೆಲ ಒರೆಸೋಕೆ ತಗೊಂಡ್ವಿ."

ಹೇಳುತ್ತಿದ್ದಂತೆ ತಂಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹನ್ನೆರಡು ವರ್ಷ ಮರೆಯಲಾಗದೆ ಹೊತ್ತು ತಿರುಗಿದ ಒಂದೇ ಬಟ್ಟೆ ಅದು. ಅದನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಒಂದಿತ್ತು," ಎಂದಳು ಮೆಲ್ಲಗೆ. "ನನ್ನ ಹೆಸರಿಂದು."

"ಎಲ್ಲಿತ್ತು? ಯಾವುದರ ಒಳಗೆ?"

ಅವಳಿಗೆ ಅದೇ ಹೆದರಿಕೆ. ಕೋಪದ ಒಳಗೆ ಇದ್ದಿದ್ದರೆ? ಕೋಪ ಬಿಚ್ಚಿ, ಅದರೊಳಗೆ ತನ್ನನ್ನು ಬಿಚ್ಚಿ, ಅಕ್ಕ ಮಾತೇ ಬೇಡವೆಂದು ಕಟ್ಟಿದ್ದರೆ? ಹಾಗಿದ್ದರೆ ಇಡೀ ಊರಿನ ಎದುರು ಅದನ್ನು ಹೇಳಿಯೇ ಕರೆಯಬೇಕಿತ್ತು. ನೋಡೋಣವೆಂದರೆ ಕಲೆಯೂ ಇಲ್ಲ, ಓಲೆಯೂ ಇಲ್ಲ, ಬಟ್ಟೆ ನೆಲ ಒರೆಸಿ ಚಿಂದಿಯಾಗಿ ಎಷ್ಟು ಕಾಲವಾಯಿತೋ.

"ಗೊತ್ತಿಲ್ಲ ತಾತ. ತಲೆ ತಗ್ಗಿಸಿದ್ದೆ."

"ಕೈಗೆ ಗೊತ್ತಿರ್ತದೆ. ತುದಿ ಹಿಡಿದೋಳು ನೀನೇ ತಾನೆ? ಆ ಬಟ್ಟೆ ಕಟ್ಟುವಾಗ ನಿನ್ನ ಕೈಯಲ್ಲಿ ಯಾವ್ಯಾವ ತುದಿ ಇತ್ತು?"

ತಂಗಿ ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ಬೆರಳು ಮಡಿಸಿದಳು. ಬಟ್ಟೆ ಒಗೆಯುವ ಸದ್ದು ನೆನಪಾಯಿತು. ಮಣಿಕಟ್ಟು ನೋಯುತ್ತಿದ್ದದ್ದು ನೆನಪಾಯಿತು. ಕೋಪದ ಬಟ್ಟೆ ತೆಳುವಾಗಿ, ನುಣ್ಣಗೆ, ಯಾವಾಗಲೋ ಕೈ ಬಿಟ್ಟು ಹೋಗಿತ್ತು. ಉಳಿದಿದ್ದದ್ದು ಜಮಖಾನದಂಥ ದಪ್ಪ ಬಟ್ಟೆಯೊಂದೇ, ಅದರ ಅಂಚು ಅಂಗೈಗೆ ಒತ್ತುತ್ತಿತ್ತು.

"ಮನೆ," ಎಂದಳು. "ಮನೆಯೊಂದೇ ಇತ್ತು ಕೈಯಲ್ಲಿ."

ಅವಳು ಎದ್ದು ಓಡಿದಳು. ಸೂರ್ಯ ಇನ್ನೂ ನೀರಿನಿಂದ ಒಂದು ಮಾರು ಮೇಲಿದ್ದ. ದೋಣಿಯವನು ಆಗಲೇ ಹುಟ್ಟನ್ನು ಕೈಗೆ ತೆಗೆದುಕೊಂಡಿದ್ದ. ತಂಗಿ ಮೊಣಕಾಲುದ್ದ ನೀರಿಗೆ ಇಳಿದು, ಏದುಸಿರಿನಲ್ಲೇ ಮನೆ ಬಿಚ್ಚಿದಳು, ಅಡುಗೆಮನೆ ಬಿಚ್ಚಿ ಕಟ್ಟಿದಳು, ಹಿತ್ತಿಲು ಬಿಚ್ಚಿ ಕಟ್ಟಿದಳು, ಕೋಪ ಬಿಚ್ಚಿ ಕಟ್ಟಿದಳು. ದೋಣಿ ಮೊಳ ಮೊಳವಾಗಿ ಬಂದು ಒಂದು ಗೇಣು ದೂರದಲ್ಲಿ ನಿಂತಿತು.

"ಬಿಚ್ಚಿದೆ ತಂಗಿ," ಎಂದಳು.

ಒಳಗೆ ಹೇಳಲು ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಎಷ್ಟು ಹೊತ್ತು ಹೇಳಬೇಕು? ಅಕ್ಕ ಅವತ್ತು ಎಷ್ಟು ಹೊತ್ತು ಸುಮ್ಮನಿದ್ದಳೋ ಅಷ್ಟು ಹೊತ್ತು ಇವಳೂ ಸುಮ್ಮನಿದ್ದಳು. ಗುಂಪಿನಲ್ಲಿ ಯಾರೋ ಕೆಮ್ಮಿದರು. ಮರೆತುಬಿಟ್ಟಳು, ಪಾಪ, ಎಂದು ಯಾರೋ ಪಿಸುಗುಟ್ಟಿದರು. ತಂಗಿ ತಲೆ ತಗ್ಗಿಸಲಿಲ್ಲ. ಮೊದಲ ಸಲ ಅಕ್ಕನ ಮುಖವನ್ನೇ ನೋಡುತ್ತ ನಿಂತಳು.

"ಕಟ್ಟಿದೆ ತಂಗಿ. ಕಟ್ಟಿದೆ ಮನೆ."

ದೋಣಿಯ ಮೂತಿ ದಡದ ಮಣ್ಣಿಗೆ ತಾಗಿತು. ದೋಣಿಯವನು ಹುಟ್ಟನ್ನು ಒಳಗಿಟ್ಟ. ಅಕ್ಕ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಇಳಿದಳು, ಸೆರಗಿನ ತುದಿ ಹಿಂಡಿಕೊಂಡಳು, ದಾರಿ ಮರೆಯದವಳ ಹಾಗೆ ಮನೆಯ ಕಡೆ ನಡೆಯತೊಡಗಿದಳು. ತಂಗಿ ಪಕ್ಕದಲ್ಲಿ ನಡೆದಳು.

"ಅಕ್ಕ, ಚೀಟಿ ಬಂದ ದಿನ ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ."

"ಹೌದು, ಅನ್ನಲಿಲ್ಲ. ಅದನ್ನ ಕೋಪದ ಬಟ್ಟೆಯಲ್ಲಿ ಬರೆದು ಕಟ್ಟಿಯಾಯ್ತಲ್ಲ," ಎಂದಳು ಅಕ್ಕ. "ಬಾವಿಯ ಹಗ್ಗ ಬದಲಿಸಿದೆಯಾ?"

"ಬದಲಿಸಿದೆ." ತಂಗಿ ನಿಂತಳು. ಹನ್ನೆರಡು ವರ್ಷದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. "ನನ್ನ ಹೆಸರಿನ ಬಟ್ಟೆ ಯಾಕೆ ಖಾಲಿ ಬಿಟ್ಟೆ?"

ಅಕ್ಕನೂ ನಿಂತಳು. ಏನು ಕೇಳುತ್ತಿದ್ದಾಳೆ ಎಂದು ಅರ್ಥವಾಗದ ಹಾಗೆ ತಂಗಿಯ ಮುಖ ನೋಡಿದಳು.

"ಖಾಲಿ ಎಲ್ಲಿ ಬಿಟ್ಟೆನೇ?" ಎಂದಳು. "ತುದಿ ಹಿಡ್ಕೊಂಡು ನೀನು ಎದುರಿಗೇ ಕೂತಿದ್ದೆ. ನಿನ್ನನ್ನೇ ನೋಡ್ತಾ ಕೂತೆ. ಇನ್ನು ಬರೆಯೋದು ಏನಿತ್ತು?"